ಮೀನಿನ ಮೋಟಾರಿಗೆ ಮೆಂತ್ಯದ ತೇಪೆ

ನಾನು ಚಿಕ್ಕವಳಿದ್ದಾಗ ಹುಣಸೂರಿನ ನಮ್ಮ ಮನೆ ಮುಂದೆ ಒಂದು ಮೋಟಾರು ನಿಲ್ಲುತ್ತಿತ್ತು. ಅದು ಬೀದಿಯ ಕೊನೆಗೆ ಬಂದಾಗಲೇ ನಮ್ಮ ಮೂಗಿಗೆ ಗೊತ್ತಾಗುತ್ತಿತ್ತು. ಅಜ್ಜಿಯರೆಲ್ಲ ‘ನಮ್ಮ ಕಾಲ ಚಿನ್ನದಂಥ ಕಾಲ’ ಎನ್ನುತ್ತಾರಲ್ಲ ಮಕ್ಕಳೇ, ನಾನು ಹಾಗೆ ಹೇಳುವವಳಲ್ಲ. ನಮ್ಮ ಕಾಲ ಗಬ್ಬು ನಾರುತ್ತಿತ್ತು.

ಮೋಟಾರು ನಮ್ಮದಲ್ಲ, ಒಬ್ಬ ಸಾಹುಕಾರರದು. ಅಪ್ಪ ಅದರ ಡ್ರೈವರ್. ಮಾನಂದವಾಡಿ ಕಡೆಯಿಂದ ಕಾಡು ದಾಟಿ, ಹೆಗ್ಗಡದೇವನಕೋಟೆಯ ಮೇಲೆ ಹಾಯ್ದು ಒಣಮೀನಿನ ಮೂಟೆ ತರುವುದು ಅವನ ಕೆಲಸ. ಆಗ ಯುದ್ಧದ ಕಾಲ, ಪೆಟ್ರೋಲ್ ಸಿಗುತ್ತಿರಲಿಲ್ಲ. ಗಾಡಿಯ ಹಿಂದೆ ದೊಡ್ಡ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಮೂಟೆಗಳಿಂದ ಸೋರಿದ ಉಪ್ಪುನೀರಿಗೆ ಗಾಡಿಯ ತಗಡಿನ ನೆಲ ತುಕ್ಕು ಹಿಡಿದು ತೂತು ಬಿದ್ದಿತ್ತು. ಕೂತು ಬಗ್ಗಿ ನೋಡಿದರೆ ಕಾಲಕೆಳಗೆ ರಸ್ತೆ ಓಡುವುದು ಕಾಣುತ್ತಿತ್ತು.

ಆ ವರ್ಷ ಅಕ್ಕನ ಮದುವೆಯಾಗಿತ್ತು. ಆಷಾಢ ಕಳೆದು ಶ್ರಾವಣ ಬಂದಿತ್ತು. ಚುಂಚನಕಟ್ಟೆ ಬಳಿಯ ಹಳ್ಳಿಯಲ್ಲಿದ್ದ ಗಂಡನ ಮನೆಗೆ ಅವಳನ್ನು ಕಳಿಸಬೇಕಿತ್ತು. ಮದುವೆಯ ದಿನವೇ ಅವಳ ನಾದಿನಿ ಅಪ್ಪನ ಪಕ್ಕ ಹಾದುಹೋಗುವಾಗ ಮೂಗಿಗೆ ಸೆರಗು ಹಿಡಿದು, “ಮೀನ್ಗಾಡಿ ಬೀಗ್ರು” ಎಂದು ನಕ್ಕಿದ್ದಳು. ಅವರೂ ಮೀನು ತಿನ್ನುವವರೇ. ಆದರೆ ಸಾರಿನ ವಾಸನೆ ಬೇರೆ, ಸೊಸೆಯ ಸೀರೆಯ ವಾಸನೆ ಬೇರೆ. ಹಳ್ಳಿಯಲ್ಲಿ ಅಡ್ಡಹೆಸರು ಒಮ್ಮೆ ಅಂಟಿಕೊಂಡರೆ ಹೋಗುವುದಿಲ್ಲ. ಆ ಮನೆಯ ಹೊಸಿಲು ದಾಟುವಾಗ ತನ್ನ ಮೈಯಲ್ಲಿ ಮೀನಿನ ನಾತ ಇರಬಾರದು, ಅಕ್ಕನಿಗೆ ಬೇಕಾಗಿದ್ದುದು ಅಷ್ಟೇ.

“ಎತ್ತಿನ ಗಾಡಿ ಸಾಕು ಕಣಪ್ಪ,” ಎಂದು ಅವಳು ಅಂಗಲಾಚಿದಳು.

“ಡ್ರೈವರ್ ಮಗಳು ಎತ್ತಿನ ಗಾಡೀಲಿ ಒಂಟ್ರೆ ನಾಕ್ ಜನ ಏನಂದಾರು? ಸಾವ್ಕಾರ್ರು ಒಂದಿನ ಮೋಟ್ರು ಕೊಡ್ತೀನಿ ಅಂದವ್ರೆ. ನೆಲಕ್ಕೆ ತೇಪೆ ಆಕ್ತೀನಿ ಬುಡು,” ಎಂದ ಅಪ್ಪ. ಅಲ್ಲಿಗೆ ಮಾತು ಮುಗಿಯಿತು.

ತೇಪೆ ಹಾಕುವ ಮೊದಲು ನೆಲ ಕೆರೆಯಬೇಕಲ್ಲ? ಸೀಟಿನಡಿಯ ಸಂದಿಗೆ ನನ್ನ ಕೈ ಮಾತ್ರ ತೂರುತ್ತಿತ್ತು. ತೆಂಗಿನ ಚಿಪ್ಪಿನಲ್ಲಿ ಕೆರೆದೆ. ಮೀನಿನ ಪೊರೆ, ತುಕ್ಕು, ಕಪ್ಪು ಲೋಳೆ ಎಲ್ಲ ಕಲೆತು ಹದವಾದ ಅಂಟಾಗಿತ್ತು. ಒಂದು ಮೂಲೆಯಲ್ಲಿ ಮೆತ್ತಗೆ ಏನೋ ಸಿಕ್ಕಿತು, ಎಳೆದರೆ ಸತ್ತ ಇಲಿ. ಬಾಲ ನನ್ನ ಕೈಗೆ ಬಂತು, ಉಳಿದದ್ದು ಅಲ್ಲೇ ಉಳಿಯಿತು. ಅಂಗಳದಲ್ಲೇ ವಾಂತಿ ಮಾಡಿಕೊಂಡೆ. ಮೂಗು ಮುಚ್ಚಿಕೊಂಡರೆ ಅವ್ವ ಬೆನ್ನಿಗೊಂದು ಬಿಟ್ಟು, “ಮೂಗ್ ಬುಡೇ! ತಿನ್ನುವಾಗ ಮುಚ್ಕತೀಯಾ?” ಎಂದು ಬೈದಳು.

ಅಪ್ಪ ಸೀಮೆಎಣ್ಣೆ ಡಬ್ಬ ಕತ್ತರಿಸಿ ತಗಡು ಮಾಡಿಕೊಂಡ. ಆದರೆ ಮೊಳೆ ಹೊಡೆದಲ್ಲೆಲ್ಲ ಹಳೆಯ ನೆಲ ಹಪ್ಪಳದಂತೆ ಪುಡಿಯಾಗಿ, ತೂತು ಇನ್ನೂ ದೊಡ್ಡದಾಯಿತು. ಆಗ ಅವ್ವ ಒಂದು ಉಪಾಯ ಹೇಳಿದಳು. ನಮ್ಮ ಕಡೆ ಮೊರ, ಕುಕ್ಕೆ ಸವೆದು ತೂತಾದರೆ ಹೆಂಗಸರು ಹಳೆಯ ಕಾಗದವನ್ನೂ ಮೆಂತ್ಯವನ್ನೂ ನೆನೆಹಾಕಿ ರುಬ್ಬಿ, ಆ ಹಿಟ್ಟನ್ನು ಮೆತ್ತಿ ಒಣಗಿಸುತ್ತಿದ್ದರು. ಒಣಗಿದರೆ ಹಲಗೆಯಷ್ಟು ಗಟ್ಟಿ. ಮೊರಕ್ಕೆ ಆಗುವುದು ಮೋಟಾರಿಗೇಕೆ ಆಗಬಾರದು? ತೂತುಗಳ ಮೇಲೆ ಗೋಣಿತಟ್ಟು ಹಾಸಿ, ಹಿಟ್ಟು ಮೆತ್ತಿ, ಅದರ ಮೇಲೆ ಸಗಣಿ ಸಾರಿಸಿದರು. ಮೊರ ಒಣಗಲು ಬಿಸಿಲು ಬೇಕು ಎಂಬುದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಶ್ರಾವಣದ ಜಿಟಿಜಿಟಿ ಮಳೆ. ಹಿಟ್ಟು ಒಣಗುವ ಬದಲು ಹುಳಿಯಿತು, ಉಬ್ಬಿತು, ಮೇಲೆ ಬೂಷ್ಟು ಬೆಳೆಯಿತು. ಹೊರಡುವ ಹಿಂದಿನ ದಿನ ಬೆರಳಿಟ್ಟು ನೋಡಿದೆ. ಒಳಗೆ ಬಿಳಿ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು. ಅಪ್ಪನಿಗೆ ತೋರಿಸಿದರೆ ಮೇಲೊಂದು ಚಾಪೆ ಹಾಸಿ, ಸಾಂಬ್ರಾಣಿ ಹೊಗೆ ಹಾಕಿದ. ಮೀನು, ಮೆಂತ್ಯ, ಸಗಣಿ, ಸಾಂಬ್ರಾಣಿ!

ಬೆಳಿಗ್ಗೆ ಎದ್ದು ಹೊರಟೆವು. ನಾಟಿಯ ಕಾಲವಾದ್ದರಿಂದ ಭಾವ ಕರೆಯಲು ಬಂದಿರಲಿಲ್ಲ. ಅಪ್ಪ, ಅಕ್ಕ, ಜೊತೆಗೆ ನಾನು. ಅಕ್ಕ ಧಾರೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಹಿಡಿದು ತುದಿಗಾಲಲ್ಲಿ ಕೂತಿದ್ದಳು. ಗಾಡಿ ಬಿಸಿಯಾದ ಹಾಗೆ ಅಡಿಯ ಹೊಗೆ ಕೊಳವೆಯ ಕಾವಿಗೆ ತೇಪೆ ಬೇಯತೊಡಗಿತು. ಊರೂರಿನ ನಾಯಿಗಳು ಹಬ್ಬದೂಟ ಬಂತೆಂದು ಬೆನ್ನಟ್ಟಿದವು. ಅಪ್ಪ ಮಾತ್ರ ದಾರಿಯಲ್ಲಿ ನಿಂತು ನೋಡುವವರಿಗೆಲ್ಲ ಹಾರನ್ ಒತ್ತುತ್ತಾ ಮೀಸೆಯಲ್ಲೇ ನಗುತ್ತಿದ್ದ.

ಕೃಷ್ಣರಾಜನಗರ ದಾಟಿ, ಚುಂಚನಕಟ್ಟೆಯ ಕಾಲುವೆ ಏರಿಯ ಮೇಲೆ ಗಾಡಿ ಒಂದು ಗುಂಡಿಗೆ ಇಳಿದು ಎದ್ದಿತು. ಬಚಕ್ ಎಂದು ಅಕ್ಕನ ಕಾಲು ಚಾಪೆಯ ಸಮೇತ ನೆಲದೊಳಗೆ ಹೋಯಿತು. ನಾನು ಕಿರುಚಿದೆ, ಅಪ್ಪ ಗಾಡಿ ನಿಲ್ಲಿಸಿದ. ಕಾಲು ಎಳೆದುಕೊಂಡಾಗ ಮೊಣಕಾಲವರೆಗೂ ಹಳದಿ ಹುಳುಕು ಹಿಟ್ಟು, ಸೀರೆಯ ಅಂಚಿಗೆ ಆ ಕಪ್ಪು ಲೋಳೆ. ಅಕ್ಕ ಅಳಲಿಲ್ಲ. ಕೆಳಗಿಳಿದಳು.

“ನಾನು ನಡ್ಕಂಡೇ ಓಯ್ತೀನಿ. ಇದ್ನ ಊರೊಳಕ್ಕೆ ತರ್ಬ್ಯಾಡ ಕಣಪ್ಪ, ನಿನ್ ಕಾಲಿಗೆ ಬೀಳ್ತೀನಿ.”

ಕಾಲುವೆಗಿಳಿದು ಸೀರೆಯ ಅಂಚನ್ನು ತಿಕ್ಕಿ ತಿಕ್ಕಿ ತೊಳೆದಳು. ಲೋಳೆ ಹೋಯಿತು, ನಾತ ಹೋಗಲಿಲ್ಲ.

ಅಷ್ಟರಲ್ಲಿ ಪಕ್ಕದ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಒಬ್ಬ ಹೆಂಗಸು ಬದುವಿಗೆ ಹತ್ತಿ ಬಂದರು. ತೊಡೆಯವರೆಗೂ, ಮೊಣಕೈವರೆಗೂ ಕರಿ ಕೆಸರು. ಗೊಬ್ಬರಕ್ಕೆಂದು ಗದ್ದೆಗೆ ತುಳಿದ ಹೊಂಗೆ ಸೊಪ್ಪು ಕೊಳೆತರೆ ಅದೂ ಸಾಮಾನ್ಯದ ನಾತವಲ್ಲ. ನನಗೆ ಮೂಗನ್ನು ಯಾವ ಕಡೆ ತಿರುಗಿಸಬೇಕೋ ತಿಳಿಯಲಿಲ್ಲ. ಅಕ್ಕ ತಲೆಯೆತ್ತಿ ನೋಡಿ ಬಿಳಚಿಕೊಂಡಳು. ಅವರು ಅವಳ ಅತ್ತೆ. ಸೊಸೆ ಎತ್ತಿನ ಗಾಡಿಯಲ್ಲಿ ಸಂಜೆಗೆ ಬರುತ್ತಾಳೆ ಎಂದುಕೊಂಡು ಗದ್ದೆಗೆ ಇಳಿದಿದ್ದರು. ಹೊತ್ತು ನೆತ್ತಿಗೇರುವ ಮುಂಚೆಯೇ ಮೋಟಾರು ಅವಳನ್ನು ತಂದುಬಿಟ್ಟಿತ್ತು.

“ಇದ್ಯಾಕವ್ವ ಇಲ್ಲೇ ಇಳಿದ್ಬುಟ್ಟೆ? ಏನಿದು ವಾಸ್ನೆ?” ಎಂದು ಅತ್ತೆ ಮೂಗು ಅರಳಿಸಿದರು.

“ಕಾಲುವೇದು ಕಣವ್ವ, ಕಾಲುವೇದು...” ಎಂದು ಅಪ್ಪ ತಡವರಿಸಿದ.

“ಅಲ್ಲ,” ಎಂದಳು ಅಕ್ಕ. “ಮೀನಿಂದು. ನಮ್ಮಪ್ಪನ ಗಾಡೀದು.”

ಅತ್ತೆ ಅವಳನ್ನು ನೋಡಿದರು, ಗಾಡಿಯನ್ನು ನೋಡಿದರು, ಆಮೇಲೆ ತಮ್ಮ ಕೆಸರು ಕೈಯನ್ನು ಅಕ್ಕನ ಮೂಗಿನ ಹತ್ತಿರ ಹಿಡಿದರು.

“ಇದು ಕೊಳ್ತ ಸೊಪ್ಪಿಂದು. ಮೂಸ್ ನೋಡು, ಯಾವ್ದು ಎಚ್ಚು?”

ಅಕ್ಕನಿಗೆ ನಗು ಬಂತು, ನಗುತ್ತಲೇ ಅಳು ಬಂತು. “ಈ ಗಬ್ಬಲ್ಲಿ ಇಬ್ರೂ ಒಳಕ್ಕೋಗದು ಬ್ಯಾಡ. ಬಾ, ಮೀಯಮ,” ಎಂದು ಅತ್ತೆ ಅವಳನ್ನು ಕಾಲುವೆಯ ಮರೆಗೆ ಕರೆದೊಯ್ದರು. ಸೀಗೆಪುಡಿಯನ್ನೂ ತಮ್ಮದೊಂದು ಒಗೆದ ನೂಲಿನ ಸೀರೆಯನ್ನೂ ಮನೆಯಿಂದ ತರಿಸಿದರು. ಅಕ್ಕ ಧಾರೆ ಸೀರೆಯಿಲ್ಲದೆ, ಅತ್ತೆಯ ಹಳೆಯ ಸೀರೆಯುಟ್ಟು ಆ ಮನೆಯ ಹೊಸಿಲು ದಾಟಿದಳು. ಅವಳ ಮೈಯಲ್ಲಿ ಸೀಗೆಯದಲ್ಲದೆ ಬೇರೆ ವಾಸನೆ ಇರಲಿಲ್ಲ. ನಾಲ್ಕು ಜನ ನೋಡಲಿ ಎಂದು ಬಂದಿದ್ದ ಅಪ್ಪ ಮೋಟಾರನ್ನು ಏರಿಯ ಮೇಲೆಯೇ ಬಿಟ್ಟು, ತಲೆ ತಗ್ಗಿಸಿಕೊಂಡು ನಡೆದೇ ಊರೊಳಗೆ ಬಂದ. ಅವನನ್ನು ಕಂಡು ನನಗೆ ಪಾಪ ಎನಿಸಿತು, ಸಿಟ್ಟೂ ಇತ್ತು. ಮರುದಿನ ಅದೇ ಗಾಡಿ ಮತ್ತೆ ಮೀನು ತರಲು ಹೋಯಿತು.

ನಿಮ್ಮ ಕಾರಿನ ನೆಲಕ್ಕೆ ಮೆತ್ತನೆ ಹಾಸು, ಕನ್ನಡಿಯ ಕೆಳಗೆ ಸೆಂಟಿನ ಬಿಲ್ಲೆ. ಮೊನ್ನೆ ಮೈಸೂರಿಗೆ ಹೋಗುವಾಗ ನಿಮ್ಮಲ್ಲಿ ಚಿಕ್ಕವಳು “ಅಪ್ಪಾ, ವಾಸನೆ” ಎಂದು ಮೂಗು ಮುಚ್ಚಿಕೊಂಡಳು. ನಿಮ್ಮಪ್ಪ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ, ಇಳಿದು, ಸೀಟಿನಡಿ ತಡಕಾಡಿ, ಕೊಳೆತ ಬಾಳೆಹಣ್ಣಿನ ಸಿಪ್ಪೆಯೊಂದನ್ನು ತೆಗೆದು ಎಸೆದ. ಇಷ್ಟಕ್ಕೇ ಇಷ್ಟು ರಂಪವೇ ಎಂದು ಅಜ್ಜಿ ಬೈಯುತ್ತಾಳೆ ಅಂತ ನೀವೆಲ್ಲ ನನ್ನ ಮುಖ ನೋಡಿದಿರಿ. ನಾನು ಬೈಯಲಿಲ್ಲ. ಹುಡುಗಿಯೊಬ್ಬಳು ವಾಸನೆ ಎಂದದ್ದಕ್ಕೆ ಅಪ್ಪನೊಬ್ಬ ಗಾಡಿ ನಿಲ್ಲಿಸಿ ಇಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು.