ಫೈನ್, ಥ್ಯಾಂಕ್ ಯೂ

ಗುಬ್ಬಿಯ ಕೊಬ್ಬರಿ ವ್ಯಾಪಾರಿ ರಹಮತ್ ಉಲ್ಲಾ ಸಾಹೇಬರು ಕೊಚ್ಚಿಯ ಕಂಪನಿಯವರೊಡನೆ ಫೋನಿನಲ್ಲಿ ಮಾತಾಡಲೆಂದು, ಅರವತ್ತರ ವಯಸ್ಸಿನಲ್ಲಿ ಶಿರಾ ಗೇಟಿನ ಇಂಗ್ಲಿಷ್ ಕ್ಲಾಸಿಗೆ ಸೇರಿದ್ದಾರೆ. ಎದುರಿನವರ ಮನೆಮಂದಿಯನ್ನೆಲ್ಲ ವಿಚಾರಿಸದೆ ರೇಟಿನ ಮಾತು ಎತ್ತಿದವರೇ ಅಲ್ಲ. ಇಂಗ್ಲಿಷಿನಲ್ಲೂ ಮೊದಲು ಆ ಕಂಪನಿಯ ಮ್ಯಾನೇಜರರ ತಾಯಿಯ ಮಂಡಿನೋವು, ಆಮೇಲೆ ಕೊಬ್ಬರಿ. "ಹೌ ಆರ್ ಯೂ ಅಂದ್ರೆ ಫೈನ್, ಥ್ಯಾಂಕ್ ಯೂ ಅಂದ್ಬಿಡಿ ಸಾಹೇಬ್ರೇ, ಅಷ್ಟೇ" ಎಂದು ಟೀಚರ್ ಚೈತನ್ಯ ದಿನಾ ತಿದ್ದುತ್ತಾಳೆ. "ಕೇಳೋದು ಕೇಳ್ಬಿಟ್ಟು ಉತ್ರ ಬೇಡ ಅಂದ್ರೆ ಹೆಂಗಮ್ಮಾ?" ಎಂದು ಇವರು ಟೋಪಿ ಸರಿಸಿ ತಲೆ ಕೆರೆದುಕೊಳ್ಳುತ್ತಾರೆ. ಹೆಂಡತಿ ಫಾತಿಮುನ್ನೀಸಾ ತೀರಿಕೊಂಡು ನಲವತ್ತು ದಿನ ಕಳೆದ ಮೇಲೆ ಮತ್ತೆ ಕ್ಲಾಸಿಗೆ ಬಂದರು. ಚೈತನ್ಯ ರೂಢಿಯಂತೆ "ಹೌ ಆರ್ ಯೂ?" ಎಂದುಬಿಟ್ಟಳು. "ಫೈನ್, ಥ್ಯಾಂಕ್ ಯೂ" ಎಂದ ಸಾಹೇಬರು, "ಈಗ ಸರಿಯಾಯ್ತೇನಮ್ಮಾ?" ಎಂದು ಕೇಳಿದರು.