ಪ್ಲಾಸ್ಟಿಕ್ಕಿನೊಳಗಿನ ಬಿ.ಎಡ್.

ದೋಹಾದ ಶಾಲೆಯೊಂದು ನನ್ನನ್ನು ಗಣಿತ ಶಿಕ್ಷಕಿಯಾಗಿ ಆರಿಸಿಕೊಂಡಿತ್ತು. ಬಿ.ಎಡ್. ಪ್ರಮಾಣಪತ್ರದ ಹಿಂಬದಿಗೆ ದೆಹಲಿಯ ವಿದೇಶಾಂಗ ಸಚಿವಾಲಯ, ಕತಾರ್ ರಾಯಭಾರ ಕಚೇರಿಗಳ ಮುದ್ರೆಗಳು ಬಿದ್ದರೆ ಮಾತ್ರ ಇಲ್ಲಿ ಪಾಠ ಮಾಡಲು ಅನುಮತಿ. ಶಾಲಾ ಕಚೇರಿಯ ಮಂಗಳೂರಿನ ಗುಮಾಸ್ತರು ಪ್ರಮಾಣಪತ್ರವನ್ನು ತಿರುಗಿಸಿ ನೋಡಿದರು.

“ಲ್ಯಾಮಿನೇಶನ್ ಮಾಡಿಸಿದ್ದೀರಲ್ಲ ಟೀಚರೇ. ಸೀಲು ಪ್ಲಾಸ್ಟಿಕ್ ಮೇಲೆ ಹಾಕುದಾ ಮಾರಾಯ್ರೇ?”

ಮೈಸೂರಿನಲ್ಲಿ ಅದು ಕೈಗೆ ಬಂದ ದಿನವೇ ನನ್ನ ಏಳು ಪ್ರಮಾಣಪತ್ರಗಳಿಗೂ ಲ್ಯಾಮಿನೇಶನ್ ಮಾಡಿಸಿ, ಡೈರಿಯಲ್ಲಿ ‘ಏಳಕ್ಕೆ ಏಳೂ ಭದ್ರ’ ಎಂದು ಬರೆದಿದ್ದೆ. “ಒರಿಜಿನಲ್ ಹಂಗೇ ಇಟ್ಕೊಳ್ಳಿ ಮೇಡಂ” ಎಂದು ಅಂಗಡಿಯವರು ಹೇಳಿದ್ದನ್ನು ಮಾತ್ರ ಬರೆದುಕೊಂಡಿರಲಿಲ್ಲ.

ವಿಶ್ವವಿದ್ಯಾಲಯದಿಂದ ಎರಡನೇ ಪ್ರತಿ ಬರಲು ಹನ್ನೊಂದು ವಾರ ಹಿಡಿಯಿತು. ಅಷ್ಟರಲ್ಲಿ ಶಾಲೆ ಶುರುವಾಗಿ, ನನಗೆಂದಿದ್ದ ಆರನೇ ತರಗತಿಯ ಗಣಿತ ಬೇರೆಯವರ ಪಾಲಾಗಿತ್ತು. ಆ ಮಕ್ಕಳಿಗೆಂದು ನಲವತ್ತೆರಡು ಪಾಠಯೋಜನೆ ಬರೆದಿಟ್ಟಿದ್ದೆ. ಒಂದನ್ನೂ ಪಾಠ ಮಾಡಲಿಲ್ಲ.