ನಾನು ನೋಡಿದ ಕಣ್ಣು

ಮಹಾದೇವಿ, ನಿನ್ನ ಅಪ್ಪನ ಕಣ್ಣು ಕಳೆದವನು ನಾನು. ಊರು ಏನೇ ಹೇಳಲಿ, ನೀನು ಏನೇ ನಂಬಿಕೊಂಡು ಬಂದಿರಲಿ — ನಿಜ ಇಷ್ಟೇ.

ರಜಾಕಾರರ ಗಲಾಟೆ ಮುಗಿದು ಎರಡು ಮೂರು ವರ್ಷವಾಗಿತ್ತು. ಹೈದರಾಬಾದಿನಲ್ಲಿ ವಾಣಿಜ್ಯ ಓದಿ ಪಿಎಚ್‌ಡಿಗೆ ಸೇರಿಕೊಂಡಿದ್ದೆ. ಶಹಾಬಾದ್ ಕಡೆಯ ಕಲ್ಲಿನ ಖಣಿಗಳಲ್ಲಿ ಮಾಲೀಕರು ಆಳುಗಳನ್ನು ಹೇಗೆ ನಿಭಾಯಿಸುತ್ತಾರೆ, ಕೆಲಸ ಹೇಗೆ ಹಂಚುತ್ತಾರೆ ಎಂಬುದು ನನ್ನ ವಿಷಯ. ನಮ್ಮ ಚಿತ್ತಾಪುರದಲ್ಲಿ ಅಷ್ಟು ಓದಿದವರು ಯಾರೂ ಇರಲಿಲ್ಲ. ಅದರ ಸೊಕ್ಕೂ ನನಗಿತ್ತು, ಸುಳ್ಳು ಯಾಕೆ ಹೇಳಲಿ. ವಾಡಿಯ ಸೋದರಮಾವನ ಮನೆಯಲ್ಲಿದ್ದುಕೊಂಡು ದಿನಾ ಖಣಿಗೆ ಹೋಗುತ್ತಿದ್ದೆ. ಯಾರೂ ಬಾಯಿ ಬಿಡಲಿಲ್ಲ. ಆ ದಿನಗಳಲ್ಲಿ ಪ್ರಶ್ನೆ ಕೇಳುವವನೆಂದರೆ ಸರಕಾರದವನು, ಇಲ್ಲವೇ ಮಾಲೀಕನ ಕಡೆಯವನು. ನನ್ನನ್ನು ಕಂಡರೆ ಬೀಡಿ ಆರಿಸಿ ಎದ್ದು ಹೋಗುತ್ತಿದ್ದರು.

ಆಮೇಲೆ ಮಾವ ಚಹಾದಂಗಡಿಯಲ್ಲಿ ಹೆಮ್ಮೆಯಿಂದ ಒಂದು ಮಾತು ಆಡಿದ — "ನಮ್ಮ ಹುಡುಗ ಡಾಕ್ಟರ್ ಆಗಾಕತ್ತಾನ."

ಅಷ್ಟೇ. ಮರುದಿನದಿಂದ ಖಣಿಯವರು ತಾವಾಗಿಯೇ ಬಂದು ಪಕ್ಕದಲ್ಲಿ ಕುಳಿತರು. ಕೆಮ್ಮು, ಮೊಣಕಾಲು, ಎದೆನೋವು... ಅವರಿಗೆ ಗೊತ್ತಿದ್ದ ಡಾಕ್ಟರು ಒಂದೇ ಥರದವನು. ನಾನು ಅಂಥ ಡಾಕ್ಟರ್ ಅಲ್ಲ ಎನ್ನಬೇಕಿತ್ತು. ಬಾಯಿತನಕ ಬಂದಿತ್ತು. ಆದರೆ ನೋವು ಹೇಳಿಕೊಂಡವರು ಮೇಸ್ತ್ರಿಯ ಕಾಟವನ್ನೂ ಹೇಳುತ್ತಿದ್ದರು, ಮಾಲೀಕನ ಒಳಗುಟ್ಟನ್ನೂ ಹೇಳುತ್ತಿದ್ದರು — ನನ್ನ ಪ್ರಬಂಧಕ್ಕೆ ಬೇಕಾದದ್ದೆಲ್ಲ. ಸುಮ್ಮನಾದೆ.

ನಿನ್ನ ಅಪ್ಪ ಸಿದ್ರಾಮಪ್ಪ ಬಂದದ್ದು ಆಗಲೇ. ಫರಸಿ ಕಲ್ಲು ಒಡೆಯುವಾಗ ಚೂರು ಸಿಡಿದು ಬಲಗಣ್ಣು ಕೆಂಡದಂತಾಗಿತ್ತು. ಹೈದರಾಬಾದಿನ ದೊಡ್ಡ ದವಾಖಾನೆಗೆ ತೋರಿಸು ಎಂದು ಯಾರೋ ಹೇಳಿದ್ದರಂತೆ.

"ನಾಳಿ ಗಾಡಿಗಿ ಹೋಗಬೇಕಂತ ಮಾಡಿದ್ದೆರಿ ಸಾಹೇಬ್ರ. ನೀವೇ ಸಿಕ್ಕಮ್ಯಾಲ ಅಲ್ಲೀತನ ಯಾಕ್ರಿ? ನೋಡ್ರಿ" ಎಂದು ಮುಖ ಎತ್ತಿದರು.

ನಾನು — ರೆಪ್ಪೆ ಬಿಡಿಸಿ ನೋಡಿದೆ, ಮಹಾದೇವಿ. ಏನು ನೋಡಬೇಕೆಂದೇ ಗೊತ್ತಿಲ್ಲದವನು ನೋಡಿದೆ. ಸುತ್ತ ಜನ ನಿಂತಿದ್ದರು. ಈಗ ಬಾಯಿ ಬಿಟ್ಟರೆ ಇವರೆಲ್ಲ ಮತ್ತೆ ಎದ್ದು ಹೋಗುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

"ಏನೂ ಆಗಿಲ್ರಿ. ತಣ್ಣೀರು ಹಾಕ್ಕೋರಿ, ಇಳೀತದ."

ಅವರು ಗಾಡಿ ಹತ್ತಲಿಲ್ಲ. ಡಾಕ್ಟರೇ ಹೇಳಿದ ಮೇಲೆ ಯಾಕೆ ಹತ್ತುತ್ತಾರೆ? ಆ ಕಣ್ಣು ಕೀವು ತುಂಬಿ ಹೋಯಿತು. ಮುಂದೆ ಅದರ ನಂಜಿಗೆ ಎಡಗಣ್ಣೂ ಮಂಜಾಗುತ್ತ ಬಂತಂತೆ. ನಾನು ಹೈದರಾಬಾದಿನಲ್ಲಿ ಕೂತು ಬರೆಯುತ್ತಿದ್ದೆ. ಪದವಿ ಬಂತು, ಮನೆಯವರು ಪೇಡೆ ಹಂಚಿದರು. ಪೇಡೆ ತಿನ್ನುತ್ತಲೇ ಮಾವ ಅಂದ, "ಖಣಿಯ ಸಿದ್ರಾಮಪ್ಪಗ ಎರಡೂ ಕಣ್ಣು ಹೋದ್ವು ನೋಡು, ಪಾಪ."

ಕಾಲು ಹಿಡಿದು ಎಲ್ಲ ಹೇಳಿಬಿಡಬೇಕೆಂದೇ ನಿಮ್ಮ ಮನೆಗೆ ಬಂದೆ. ಕಟ್ಟೆಯ ಮೇಲೆ ಕುಳಿತಿದ್ದರು. ನನ್ನ ದನಿ ಗುರುತು ಹಿಡಿದು ತಡವರಿಸುತ್ತ ಎದ್ದು ನಿಂತರು.

"ಬರ್ರಿ ಡಾಕ್ಟರ್ ಸಾಹೇಬ್ರ, ಕುಂದ್ರಿ. ನಿಮ್ಮ ಕೈಗುಣ ಭಾಳ ಛಲೋ ಅಂತ ಎಲ್ಲಾರಿಗೂ ಹೇಳ್ತೀನ್ರಿ. ನನ್ನ ನಸೀಬೇ ಖೊಟ್ಟಿ." ಆಮೇಲೆ ಒಳಗೆ ಕೂಗಿ, "ಮಹಾದೇವಿ, ಚಾ ಇಡವ್ವ" ಅಂದರು.

ಆಗ ಹೇಳಬಹುದಿತ್ತು. ನೀನು ಕೊಟ್ಟ ಚಹಾ ಕುಡಿದೆ, ಎದ್ದು ಬಂದೆ.

ಅವರಿಲ್ಲದ ಈ ಹೊತ್ತಿನಲ್ಲಿ ನಿನ್ನ ಮುಂದೆ ಹೇಳಿದರೆ ಏನು ಬಂತು — ಗೊತ್ತು. ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ. ಸಾಯುವತನಕ ಆ ಮನುಷ್ಯ ತನ್ನ ನಸೀಬನ್ನೇ ಬೈದುಕೊಂಡರು. ನನ್ನನ್ನು ಬೈಯಬೇಕಿತ್ತು.